ಓಪನಿಂಗ್ ಕೋರ್ಸಾ, ಪಜಲ್ಲಾ? ಎರಡನ್ನೂ ಮಾಡಿ ನೋಡಿದೆ

ಚೆಸ್ ಸುಧಾರಿಸಲು ಓಪನಿಂಗ್ (ಆಟದ ಮೊದಲ ನಡೆಗಳು) ಕಲಿಸುವ ಕೋರ್ಸು ಮೇಲೋ, ಪಜಲ್ (ಕೊಟ್ಟ ಸ್ಥಿತಿಯಲ್ಲಿ ಸರಿಯಾದ ನಡೆ ಹುಡುಕುವುದು) ಮೇಲೋ? ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಪಜಲ್‌ಗೆ. ಬಳ್ಳಾರಿಯ ಒಂದು ಜೀನ್ಸ್ ಹೊಲಿಗೆ ಘಟಕದಲ್ಲಿ ಲೆಕ್ಕ ಬರೆಯುತ್ತೇನೆ. ಚೆಸ್‌ಗೆ ಸಿಗುವುದು ರಾತ್ರಿ ಊಟವಾದ ಮೇಲಿನ ಮುಕ್ಕಾಲು ಗಂಟೆ ಮಾತ್ರ. ಅದನ್ನು ನಾಲ್ಕು ತಿಂಗಳು ಓಪನಿಂಗ್ ಕೋರ್ಸಿಗೆ ಕೊಟ್ಟೆ, ಆಮೇಲೆ ನಾಲ್ಕು ತಿಂಗಳು ಪಜಲ್‌ಗೆ.

ಕೋರ್ಸು ಸಿಸಿಲಿಯನ್ ನಾಯ್ಡಾರ್ಫ್ ಎಂಬ ಓಪನಿಂಗ್‌ನದು, 2,200 ರೂಪಾಯಿ. ಹಳೆಯ ವಿಶ್ವ ಚಾಂಪಿಯನ್ನರಾದ ಫಿಶರ್, ಕಾಸ್ಪರೋವ್ ಆಡುತ್ತಿದ್ದ ಓಪನಿಂಗ್ ಅಂತ ಆಸೆಪಟ್ಟು ಕೊಂಡೆ. ಕಪ್ಪು ಕಾಯಿಯವರು ಐದನೇ ನಡೆಗೆ ಸೈನಿಕನನ್ನು ಎ6ಕ್ಕೆ ತಳ್ಳುವುದೇ ಅದರ ಗುರುತು (ಬೋರ್ಡಿನ ಮನೆಗಳಿಗೆ ಅಡ್ಡಕ್ಕೆ ಎಯಿಂದ ಎಚ್, ಉದ್ದಕ್ಕೆ 1ರಿಂದ 8 ಎಂದು ಹೆಸರು). ಮುಂದಿನದನ್ನೆಲ್ಲ ಬಾಯಿಪಾಠ ಮಾಡಿದೆ.

ತೊಂದರೆ ಏನೆಂದರೆ, ಆ ದಾರಿಗೆ ಎದುರಿನವರೂ ಬರಬೇಕು. ಮೂರನೇ ನಡೆಗೆ ಅವರು ಡಿ4 ಆಡಬೇಕು, ಅಂದರೆ ಸೈನಿಕನನ್ನು ಆ ಮನೆಗೆ ತಳ್ಳಬೇಕು. ನನ್ನ ಜೊತೆ ಆಡುವವರು ಅದನ್ನು ಆಡುವುದೇ ಅಪರೂಪ. ಗಾಂಧಿನಗರದ ಗೆಳೆಯ ಎರಡನೇ ನಡೆಗೇ ಸಿ3 ಆಡುತ್ತಾನೆ. ಅಲ್ಲಿಗೆ ಕೋರ್ಸು ಮುಗಿಯಿತು.

ಒಂದು ಭಾನುವಾರ ಟೂರ್ನಮೆಂಟಿನಲ್ಲಿ ಹೈಸ್ಕೂಲ್ ಹುಡುಗನೊಬ್ಬ ಮೂರನೇ ನಡೆಗೆ ಒಂಟೆಯನ್ನು ಸಿ4ಕ್ಕೆ ತಂದ. ನಾನು ಕುದುರೆಯನ್ನು ಎಫ್6ಕ್ಕೆ ಇಟ್ಟೆ. ಅವನು ಸೈನಿಕನನ್ನು ಇ5ಕ್ಕೆ ತಳ್ಳಿದ. ನಾನು ಸೈನಿಕನಿಂದ ಹೊಡೆದೆ. ಅವನ ಕುದುರೆ ಅದನ್ನು ಹೊಡೆದು ಇ5ರಲ್ಲಿ ಬಂದು ಕೂತಿತು. ಈಗ ನನ್ನ ಐದನೇ ನಡೆ. ಕೈ ತಾನಾಗಿ ಎ6ಕ್ಕೆ ಹೋಯಿತು. ಒಂಟೆ ಎಫ್7 ಹೊಡೆಯಿತು. ಆರನೇ ನಡೆಗೇ ಚೆಕ್‌ಮೇಟ್! ಇ6 ಆಡಿದ್ದರೆ ಒಂಟೆಯ ದಾರಿ ಮುಚ್ಚುತ್ತಿತ್ತು. ಎಫ್7ರ ಮೇಲೆ ಎರಡು ಕಾಯಿ ಕಣ್ಣಿಟ್ಟಿವೆ ಎಂದು ನೋಡುವ ರೂಢಿಯೇ ನನಗಿರಲಿಲ್ಲ. ನಾಲ್ಕು ತಿಂಗಳ ಬಾಯಿಪಾಠ ಅದನ್ನು ಕೊಡಲಿಲ್ಲ.

ಲೀಚೆಸ್ ಎಂಬ ವೆಬ್‌ಸೈಟಿನಲ್ಲಿ ಪಜಲ್ ಎಷ್ಟು ಬೇಕಾದರೂ ಉಚಿತ, ಜಾಹೀರಾತೂ ಇಲ್ಲ. ದಿನಕ್ಕೆ ಹದಿನೈದು ಬಿಡಿಸುತ್ತೇನೆ, ಅವಸರ ಮಾಡದೆ. ಯಾವ ಓಪನಿಂಗ್ ಬಂದರೂ ಫೋರ್ಕ್ (ಒಂದೇ ಕಾಯಿ ಎರಡು ಕಾಯಿಗೆ ಒಟ್ಟಿಗೆ ಗುರಿ ಇಡುವುದು), ಪಿನ್ (ಕದಲಿದರೆ ಹಿಂದಿನ ದೊಡ್ಡ ಕಾಯಿ ಹೋಗುತ್ತದೆಂದು ಕಾಯಿ ಸಿಕ್ಕಿಕೊಳ್ಳುವುದು) ಬಂದೇ ಬರುತ್ತವೆ ಅಲ್ವಾ? ಈಗ ಪ್ರತಿ ನಡೆಗೂ ಮುಂಚೆ ಎದುರಿನವರ ಹತ್ತಿರ ಯಾವ ಚೆಕ್ ಇದೆ, ಯಾವ ಹೊಡೆತ ಇದೆ ಎಂದು ಕಣ್ಣು ಹುಡುಕುತ್ತದೆ.

ಎಂಡ್‌ಗೇಮ್‌ಗೆ, ಅಂದರೆ ಕೆಲವೇ ಕಾಯಿ ಉಳಿದ ಕೊನೆಯ ಹಂತಕ್ಕೆ, ವಾರದಲ್ಲಿ ಒಂದು ರಾತ್ರಿ. 2024ರ ಡಿಸೆಂಬರ್‌ನಲ್ಲಿ ಗುಕೇಶ್ ವಿಶ್ವ ಚಾಂಪಿಯನ್ ಆಗಿದ್ದೂ ಎಂಡ್‌ಗೇಮ್‌ನಲ್ಲೇ. 14ನೇ ಆಟದಲ್ಲಿ ಎದುರಾಳಿ, ಆಗಿನ ಚಾಂಪಿಯನ್ ಡಿಂಗ್ ಲಿರೆನ್ 55ನೇ ನಡೆಗೆ ಆನೆಯನ್ನು ಎಫ್2ಕ್ಕೆ ಇಟ್ಟು ಎಡವಿದರು. ಆನೆ, ಒಂಟೆ ಎರಡೂ ಬೋರ್ಡಿನಿಂದ ಹೋದವು. ಉಳಿದ ಸೈನಿಕರ ಆಟ ಡಿಂಗ್ ಅವರ ಕೈತಪ್ಪಿತ್ತು.

ಓಪನಿಂಗನ್ನು ಪೂರ್ತಿ ಬಿಟ್ಟಿಲ್ಲ. ಆಟ ಸೋತ ಮೇಲೆ ಎಲ್ಲಿ ದಾರಿ ತಪ್ಪಿದೆ ಎಂದು ಐದು ನಿಮಿಷ ನೋಡುತ್ತೇನೆ. ದಿನಕ್ಕೆ ಎರಡು ಗಂಟೆ ಸಿಗುವವರ ಮಾತು ಬೇರೆ. ನನ್ನ ಮುಕ್ಕಾಲು ಗಂಟೆಗೆ ಇಷ್ಟೇ ಹಿಡಿಸುತ್ತದೆ. ಕಪ್ಪಿಗೆ ಈಗಲೂ ಸಿಸಿಲಿಯನ್ನೇ ಆಡುವುದು. ಒಂಟೆ ಸಿ4ಕ್ಕೆ ಬಂದರೆ ಮಾತ್ರ ಮೊದಲು ಇ6.