ಆಧಾರ್ ಕಾರ್ಡನ್ನು ಮೊಬೈಲ್ ಕವರಿನಲ್ಲಿ ಇಟ್ಟುಕೊಂಡು ಬಸ್ ಹತ್ತಬೇಡಿ

ಬೆಂಗಳೂರಿನಲ್ಲಿ ದಿನಾ ಬಸ್ಸಿನಲ್ಲಿ ಓಡಾಡುವ ಹೆಣ್ಣುಮಕ್ಕಳು ದಯವಿಟ್ಟು ಇದನ್ನು ಪೂರ್ತಿ ಓದಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನಮಗೆಲ್ಲ ಒಂದು ಅಭ್ಯಾಸ ಆಗಿಬಿಟ್ಟಿದೆ. ಕಂಡಕ್ಟರ್ ಕೇಳಿದ ತಕ್ಷಣ ತೋರಿಸೋಕೆ ಸುಲಭ ಅಂತ ಆಧಾರ್ ಕಾರ್ಡನ್ನು ಮೊಬೈಲ್ ಹಿಂದಿನ ಕವರಿಗೆ ಸಿಕ್ಕಿಸಿಕೊಳ್ಳುತ್ತೇವೆ. ನಾನೂ ಹಾಗೇ ಮಾಡುತ್ತಿದ್ದೆ.

ಹೋದ ತಿಂಗಳು ಒಂದು ಸಂಜೆ ಆರೂವರೆಗೆ ಮಾರತ್ತಹಳ್ಳಿ ಸೇತುವೆ ಹತ್ತಿರ ಹೆಬ್ಬಾಳದ ಬಸ್ಸಿಗೆ ಕಾಯುತ್ತಿದ್ದೆ. ಎರಡು 500ಡಿ ಬಿಟ್ಟೆ, ಕಾಲಿಡೋಕೂ ಜಾಗ ಇರಲಿಲ್ಲ. ಮೂರನೆಯದು ಬಂದಾಗ ಎಲ್ಲರೂ ಮುಂದಿನ ಬಾಗಿಲಿಗೆ ನುಗ್ಗಿದೆವು. ನನ್ನ ಮುಂದಿದ್ದ ಹೆಂಗಸು ಮೆಟ್ಟಿಲ ಮೇಲೆ ಕಾಲಿಟ್ಟು ಅಲ್ಲೇ ನಿಂತಳು, "ಇದು ಕೆ.ಆರ್. ಪುರ ಹೋಗುತ್ತಾ ಸಾರ್?" ಅಂತ ಡ್ರೈವರನ್ನು ಎರಡೆರಡು ಸಲ ಕೇಳಿದಳು. ಹಿಂದಿನಿಂದ ಇನ್ನೊಬ್ಬಳು ನನ್ನನ್ನು ಒತ್ತುತ್ತಿದ್ದಳು. ಅವಳ ಮೊಣಕೈ ಮೇಲೆ ಮಡಚಿದ ದುಪಟ್ಟಾ ಇತ್ತು, ಅದು ನನ್ನ ಬ್ಯಾಗಿನ ಮೇಲೆ ಬಿದ್ದಿದ್ದು ಚೆನ್ನಾಗಿ ನೆನಪಿದೆ. ಆಮೇಲೆ ಆ ಮುಂದಿದ್ದವಳು "ಅಯ್ಯೋ, ಇದಲ್ಲ" ಅಂದು ಇಳಿದುಬಿಟ್ಟಳು, ಹಿಂದಿದ್ದವಳೂ ಹತ್ತಲಿಲ್ಲ. ಬಸ್ ಹೊರಟ ಮೇಲೆ ಟಿಕೆಟ್‌ಗೆ ಕಾರ್ಡ್ ತೆಗೆಯೋಣ ಅಂತ ನೋಡಿದರೆ ಬ್ಯಾಗಿನ ಜಿಪ್ ತೆರೆದಿತ್ತು, ಮೊಬೈಲ್ ಇರಲಿಲ್ಲ.

ಕಂಡಕ್ಟರ್ ಪಾಪ ತಮ್ಮ ಫೋನ್ ಕೊಟ್ಟರು. ಒಂದು ಸಲ ರಿಂಗ್ ಆಯಿತು, ಎರಡನೇ ಸಲ ಸ್ವಿಚ್ ಆಫ್.

ಇಲ್ಲಿಂದ ಮುಂದೆ ನಾನು ಮಾಡಿದ ತಪ್ಪು ನೀವು ಮಾಡಬೇಡಿ. ಫೋನಿಗೆ ಬೆರಳಚ್ಚಿನ ಲಾಕ್ ಇದೆ, ಯಾರೂ ಏನೂ ಮಾಡೋಕಾಗಲ್ಲ ಅಂತ ಧೈರ್ಯವಾಗಿದ್ದೆ. ಮನೆಗೆ ಹೋಗಿ ಅತ್ತು, ಊಟ ಮಾಡದೆ ಮಲಗಿದೆ. ಸಿಮ್ ಬ್ಲಾಕ್ ಮಾಡಿಸಿದ್ದು ಮರುದಿನ ಬೆಳಗ್ಗೆ. ಅದೇ ನಂಬರಿನ ಹೊಸ ಸಿಮ್ ಸಿಕ್ಕಿತು, ಆದರೆ ಸಿಮ್ ಬದಲಾದ ಮೇಲೆ 24 ಗಂಟೆ ಮೆಸೇಜ್ ಬರೋದಿಲ್ಲ, ಹಾಗಾಗಿ ದುಡ್ಡು ಹೋಗಿದ್ದೂ ತಿಳಿಯಲಿಲ್ಲ. ಬ್ಯಾಂಕಿಗೆ ಹೋಗಿ ಪಾಸ್‌ಬುಕ್ ಪ್ರಿಂಟ್ ಹಾಕಿಸಿದಾಗಲೇ ಗೊತ್ತಾಗಿದ್ದು: ಹಿಂದಿನ ರಾತ್ರಿಯೇ 4,800 ರೂಪಾಯಿ ಹೋಗಿತ್ತು.

ಹೇಗೆ ಅಂತೀರಾ? ಕದ್ದವರಿಗೆ ನನ್ನ ಫೋನಿನ ಲಾಕ್ ಬೇಕಾಗಿಯೇ ಇರಲಿಲ್ಲ. ಸಿಮ್ ತೆಗೆದು ಬೇರೆ ಫೋನಿಗೆ ಹಾಕಿದರೆ ಸಾಕು. ಯುಪಿಐ ಪಿನ್ ಹೊಸದಾಗಿ ಹಾಕೋಕೆ ಡೆಬಿಟ್ ಕಾರ್ಡೇ ಬೇಕು ಅಂತ ನಾನು ತಿಳಿದಿದ್ದೆ. ಆಧಾರ್ ಮೂಲಕವೂ ಹಾಕಬಹುದಂತೆ, ಆಧಾರ್ ನಂಬರಿನ ಮೊದಲ 6 ಅಂಕಿ ಮತ್ತು ಒಟಿಪಿ ಕೇಳುತ್ತದೆ. ಅಂಕಿ ಕವರಿನಲ್ಲೇ ಇತ್ತು, ಒಟಿಪಿ ಬರುವ ಸಿಮ್ಮೂ ಅವರ ಕೈಯಲ್ಲೇ ಇತ್ತು. ಎರಡನ್ನೂ ಒಟ್ಟಿಗೆ ನಾನೇ ಕೊಟ್ಟ ಹಾಗಾಯಿತಲ್ವಾ? ಡೆಬಿಟ್ ಕಾರ್ಡನ್ನು ಕವರಿನಲ್ಲಿ ಇಡುವವರಿಗೂ ಇದೇ ಅಪಾಯ.

ಆಧಾರ್ ಕಾರ್ಡನ್ನು ಬೇರೆ ಪುಟ್ಟ ಪರ್ಸಿನಲ್ಲಿ ಇಡಿ. ಸಿಮ್‌ಗೆ ಪಿನ್ ಲಾಕ್ ಹಾಕಿ, ಫೋನಿನ ಸೆಟ್ಟಿಂಗ್ಸ್‌ನಲ್ಲಿ ಸಿಮ್ ಲಾಕ್ ಅಂತ ಇರುತ್ತದೆ. ಆಗ ಸಿಮ್ ಬೇರೆ ಫೋನಿಗೆ ಹಾಕಿದರೂ ಪಿನ್ ಕೇಳುತ್ತದೆ. ಹಾಕುವ ಮೊದಲು ನಿಮ್ಮ ಸಿಮ್ ಕಂಪನಿಯ ಮೂಲ ಪಿನ್ ಯಾವುದು ಅಂತ ಕೇಳಿಕೊಳ್ಳಿ, ಸುಮ್ನೆ ಊಹಿಸಿ ಮೂರು ಸಲ ತಪ್ಪು ಒತ್ತಿದರೆ ಸಿಮ್ ಲಾಕ್ ಆಗುತ್ತದೆ. ಫೋನ್ ಹೋದರೆ ಪಕ್ಕದವರ ಫೋನಿನಿಂದ, ಬಸ್ಸಿನಲ್ಲೇ ನಿಂತು, ಮೊದಲು ಸಿಮ್ ಬ್ಲಾಕ್ ಮಾಡಿಸಿ, ಆಮೇಲೆ ಬ್ಯಾಂಕಿಗೆ ಹೇಳಿ. ದುಡ್ಡು ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ತಕ್ಷಣ ಫೋನ್ ಮಾಡಿ, ತಡವಾದಷ್ಟೂ ದುಡ್ಡು ತಡೆಯೋದು ಕಷ್ಟ. ನಾನು ಮಾಡಿದ್ದು ಮರುದಿನ ಮಧ್ಯಾಹ್ನ, ನನ್ನ ದುಡ್ಡು ಇನ್ನೂ ಬಂದಿಲ್ಲ.

ಬಸ್ ಬಿಡಿ ಅಂತ ನಾನು ಹೇಳುತ್ತಿಲ್ಲ. ನನಗೆ ಬಸ್ಸೇ ಬೇಕು, ಈಗಲೂ ಅದರಲ್ಲೇ ಹೋಗುತ್ತೇನೆ. ಬಾಗಿಲಲ್ಲಿ ಯಾರಾದರೂ ಸುಮ್ನೆ ತಡೆದು ನಿಂತರೆ ಮಾತ್ರ ಬ್ಯಾಗನ್ನು ಎದೆಗೆ ಒತ್ತಿಕೊಳ್ಳುತ್ತೇನೆ.

ಇನ್ನೊಂದು, ಇವತ್ತೇ ಫೋನಿನಲ್ಲಿ *#06# ಒತ್ತಿ, ಬರುವ 15 ಅಂಕಿಯ ಐಎಂಇಐ ನಂಬರನ್ನು ಮನೆಯಲ್ಲಿ ಎಲ್ಲಾದರೂ ಬರೆದಿಡಿ. ಪೊಲೀಸ್ ದೂರಿನ ಪ್ರತಿ ಇಟ್ಟುಕೊಂಡು ಸರ್ಕಾರದ ಸಂಚಾರ್ ಸಾಥಿ ವೆಬ್‌ಸೈಟಿನಲ್ಲಿ ಫೋನ್ ಬ್ಲಾಕ್ ಮಾಡಿಸೋಕೆ ಅದು ಬೇಕೇ ಬೇಕು. ನಾನು ಠಾಣೆಯಲ್ಲಿ ಕೂತು, ಹಳೇ ಬಿಲ್ ಹುಡುಕು ಅಂತ ತಂಗಿಗೆ ಬೇರೆಯವರ ಫೋನಿನಿಂದ ನಾಲ್ಕು ಸಲ ಫೋನ್ ಮಾಡಬೇಕಾಯಿತು.