ಕಾಲುಚೀಲದ ಮೆಷಿನ್: ಬೆಲೆ ನೋಡುವ ಮೊದಲು ಸೂಜಿ ಎಣಿಸಿ

ಮುಂಬೈ ಸೆಕೆಯಲ್ಲಿ ಉಲ್ಲನ್ ಕಾಲುಚೀಲ ಯಾರಿಗೆ ಬೇಕು ಎನ್ನುವವರು, ರಾತ್ರಿಯಿಡೀ ಎಸಿ ಓಡುವ ಕೋಣೆಯಲ್ಲಿ ಮಲಗುವ ಅಜ್ಜಿಯ ಪಾದವನ್ನೊಮ್ಮೆ ಮುಟ್ಟಿ ನೋಡಲಿ. ಪುಣೆಯ ಡಿಸೆಂಬರಿನ ಟೈಲ್ಸ್ ನೆಲದ ಮಾತಂತೂ ಬೇಡವೇ ಬೇಡ. ಬೇಡಿಕೆ ಇದೆ. ಹಾಗಾಗಿಯೇ ಮಾಟುಂಗಾದಲ್ಲೂ ಡೊಂಬಿವಲಿಯಲ್ಲೂ ಸ್ವೆಟರ್ ಹಾಕಿ ಪಳಗಿದವರು ಆನ್‌ಲೈನಿನಲ್ಲಿ ಸಿಗುವ ಗುಂಡನೆಯ ಪ್ಲಾಸ್ಟಿಕ್ ಮೆಷಿನ್ ನೋಡಿ ಆಸೆಪಡುತ್ತಾರೆ. ಹಿಡಿಕೆ ತಿರುಗಿಸಿದರೆ ಕೊಳವೆಯಂತೆ ಬಟ್ಟೆ ಇಳಿಯುತ್ತದೆ, ಅದೇ ಕಾಲುಚೀಲ ಎಂಬ ಲೆಕ್ಕ. ಕೊಳವೆ ಬರುವುದು ನಿಜ. ಆದರೆ ಅದು ಕಾಲಿಗೆ ಕೂರುತ್ತದೋ ಇಲ್ಲವೋ ಎಂಬುದು ಮೆಷಿನ್ ಕೊಳ್ಳುವ ದಿನವೇ ತೀರ್ಮಾನವಾಗಿಬಿಡುತ್ತದೆ.

ಸೆಂಟ್ರೋ ಹೆಸರಿನಲ್ಲಿ ಸಿಗುವವು ಮುಖ್ಯವಾಗಿ 22, 40 ಮತ್ತು 48 ಸೂಜಿಯವು. ಜರ್ಮನಿಯ ಆಡಿ ಎಕ್ಸ್‌ಪ್ರೆಸ್‌ನ ಚಿಕ್ಕದರಲ್ಲಿ 22 ಸೂಜಿ, ಕಿಂಗ್‌ಸೈಜ್‌ನಲ್ಲಿ 46. ಇನ್ನಷ್ಟು ದುಡ್ಡು ಹಾಕಿದರೆ ದೊಡ್ಡದೇ ಬರುತ್ತದಲ್ಲ ಎಂದು ಬಹಳ ಜನ 48ರದ್ದನ್ನು ತರಿಸುತ್ತಾರೆ. ಅದು ಟೋಪಿಯ ಮೆಷಿನ್. ಸೂಜಿಗಳ ನಡುವಿನ ಅಂತರ ಬದಲಾಯಿಸಲು ಬರುವುದಿಲ್ಲವಾದ್ದರಿಂದ ಕೊಳವೆಯ ಸುತ್ತಳತೆಯೂ ಹೆಚ್ಚುಕಡಿಮೆ ಗಟ್ಟಿಯಾಗಿ ನಿಂತುಬಿಟ್ಟಿರುತ್ತದೆ. ಮಧ್ಯಮ ದಪ್ಪದ ನೂಲಿನಲ್ಲಿ ನೇಯ್ದು, ಒಂದು ರಾತ್ರಿ ಹಾಗೇ ಬಿಟ್ಟು ಅಳೆದರೆ 10 ಸೆಂ.ಮೀ.ಗೆ ಸುಮಾರು 12 ಕುಣಿಕೆ. ಅಂದರೆ 22 ಸೂಜಿಯದಕ್ಕೆ 18 ಸೆಂ.ಮೀ. ಸುತ್ತಳತೆ, 40ರದ್ದಕ್ಕೆ 33, 48ರದ್ದಕ್ಕೆ 40. ಪಾದದ ಅಗಲ ಭಾಗಕ್ಕೆ ಟೇಪ್ ಸುತ್ತಿ ನೋಡಿ: 22 ಸೆಂ.ಮೀ. ಬಂದರೆ ಕಾಲುಚೀಲ ಅದಕ್ಕಿಂತ ಹತ್ತನೇ ಒಂದು ಪಾಲು ಕಡಿಮೆ, 20ರ ಆಸುಪಾಸಿನಲ್ಲಿರಬೇಕು. ಹಾಗಿದ್ದರೇ ಅದು ಹಿಗ್ಗಿ ಕಾಲನ್ನು ಹಿಡಿಯುತ್ತದೆ. 22 ಸೂಜಿಯದು ಹೆಂಗಸರಿಗೆ, ದೊಡ್ಡ ಮಕ್ಕಳಿಗೆ ಸರಿಹೋಗುತ್ತದೆ. ಗಂಡಸರ ಅಗಲ ಪಾದಕ್ಕೆ ಬಿಗಿ. 40ರದ್ದು ಯಾರ ಕಾಲಿಗೆ ಹಾಕಿದರೂ ಗೋಣಿಚೀಲ.

ಪಾರ್ಸೆಲ್ ಬಂದ ದಿನ ನೂಲು ಮುಟ್ಟುವ ಮೊದಲು ಬರೀ ಹಿಡಿಕೆಯನ್ನು ಮೂರು ಸುತ್ತು ತಿರುಗಿಸಿ. ಎಲ್ಲ ಸೂಜಿಗಳೂ ಒಂದೇ ಎತ್ತರಕ್ಕೆ ಏರಿ ಇಳಿಯಬೇಕು. ಒಂದು ಅರ್ಧಕ್ಕೇ ನಿಂತರೂ ವಾಪಸ್ ಕಳಿಸಿ. ಆ ಸೂಜಿ ಮುಂದೆ ಪ್ರತಿ ಸುತ್ತಿನಲ್ಲೂ ಕುಣಿಕೆ ಬೀಳಿಸುತ್ತದೆ. ಅಡಿಯ ರಬ್ಬರ್ ಕಾಲುಗಳು ನುಣುಪಾದ ಸನ್‌ಮೈಕಾ ಮೇಜಿಗೆ ಮಾತ್ರ ಅಂಟುತ್ತವೆ, ಅದೂ ಒರೆಸಿದ ಮೇಲೆ.

ಶುರು ಮಾಡಲು ಬೇರೆ ಬಣ್ಣದ ಕಸನೂಲು, ಅಂದರೆ ಕೊನೆಗೆ ಬಿಚ್ಚಿ ತೆಗೆಯುವ ನೂಲು, ಬೇಕು. ಗುರುತಿನ ಸೂಜಿಯಿಂದ ಹೊರಟು, ಒಂದರ ಕೊಕ್ಕೆಗೆ ಸಿಕ್ಕಿಸಿ ಮುಂದಿನದರ ಹಿಂದಿನಿಂದ ಹಾಯಿಸಿ, ಹೀಗೆ ಒಂದು ಬಿಟ್ಟು ಒಂದರಂತೆ ಮೊದಲ ಸುತ್ತು ಮುಗಿಸಿ. ಆಮೇಲಷ್ಟೇ ನೂಲನ್ನು ಅದು ಹಾಯಬೇಕಾದ ಕಿಂಡಿಗೆ ಹಾಕಬೇಕು. ಕಸನೂಲಿನಲ್ಲಿ ಆರು ಸುತ್ತಾದ ಮೇಲೆ ಅಸಲಿ ನೂಲು. ಇಲ್ಲಿ ಒಂದು ವಿಷಯ ಕಣ್ಣಿಟ್ಟು ನೋಡುವಂಥದ್ದು: ಈ ಪ್ಲಾಸ್ಟಿಕ್ ಸೂಜಿಗಳಿಗೆ ಕೊಕ್ಕೆಯ ಬಾಯಿ ಮುಚ್ಚುವ ನಾಲಗೆ ಇಲ್ಲ, ಬರೀ ಕೊಕ್ಕೆ. ನೂಲು ಕೊಕ್ಕೆಯ ಮುಂದೆ ಹಾದುಹೋಗುವ ಆ ಅರೆಕ್ಷಣದಲ್ಲಿ ಅದು ಸಡಿಲವಾಗಿದ್ದರೆ ಕೊಕ್ಕೆ ಹಿಡಿಯುವುದಿಲ್ಲ, ಹಳೆಯ ಕುಣಿಕೆ ಜಾರಿ ಕೆಳಗಿಳಿಯುತ್ತದೆ. ತೀರಾ ಬಿಗಿಯಾಗಿದ್ದರೆ ಹಳೆಯ ಕುಣಿಕೆ ಬಿಡುವುದೇ ಇಲ್ಲ, ಒಂದೇ ಸೂಜಿಯ ಮೇಲೆ ಎರಡು ಕೂರುತ್ತವೆ. ಹಿಡಿಕೆ ಗಟ್ಟಿಯಾಯಿತು ಅನ್ನಿಸಿದರೆ ಬಲ ಹಾಕಬೇಡಿ. ನಿಲ್ಲಿಸಿ, ಎರಡು ಕುಣಿಕೆ ಎಲ್ಲಿವೆ ಎಂದು ಹುಡುಕಿ, ಕೆಳಗಿನದನ್ನು ಕ್ರೋಶಾ ಕಡ್ಡಿಯಿಂದ ಎತ್ತಿ ಮೇಲಿನದರ ಆಚೆ ದಾಟಿಸಿ. ಕೊಳವೆ ನೇಯುವಾಗ ಹಿಂದಕ್ಕೆ ತಿರುಗಿಸುವುದಂತೂ ಕೂಡದು. ಕುಣಿಕೆಯೂ ಹೋಗುತ್ತದೆ, ಸುತ್ತಿನ ಲೆಕ್ಕವೂ ತಪ್ಪುತ್ತದೆ. ಹಿಡಿಕೆ ಕಿತ್ತು ಡ್ರಿಲ್ ಮೆಷಿನ್ ಸಿಕ್ಕಿಸುವ ವಿಡಿಯೊಗಳಿವೆ. ಒಳಗಿನ ಹಲ್ಲುಗಳೂ ಪ್ಲಾಸ್ಟಿಕ್ಕಿನವೇ ಎಂಬುದನ್ನು ಮರೆಯಬೇಡಿ.

ಕ್ರಾಫರ್ಡ್ ಮಾರ್ಕೆಟ್ ಗಲ್ಲಿಗಳಲ್ಲಿ ಸಿಗುವ ಅಕ್ರಿಲಿಕ್ ಉಲ್ಲನ್ ಈ ಮೆಷಿನ್‌ಗೆ ಹಿತ, ಗಂಟಿಲ್ಲದ ಉಂಡೆ ಆರಿಸಿಕೊಂಡರೆ. ತೀರಾ ತೆಳು ನೂಲಾದರೆ ಬಟ್ಟೆ ಜಾಳುಜಾಳು. ಸೆಕೆಗೆ ಹತ್ತಿಯೇ ವಾಸಿ ಎಂದು ಅಪ್ಪಟ ಹತ್ತಿನೂಲು ಹಾಕಿದರೆ ಮೆಷಿನ್ ಏದುಸಿರು ಬಿಡುತ್ತದೆ. ಹತ್ತಿ ಹಿಗ್ಗುವುದಿಲ್ಲ, ಹಾಗಾಗಿ ಕೊಕ್ಕೆಗಳ ಮೇಲೆ ಎಳೆತ ಹೆಚ್ಚು. ಕಾಲುಚೀಲವೂ ನಾಲ್ಕು ದಿನಕ್ಕೆ ಜೋತುಬೀಳುತ್ತದೆ. ಹತ್ತಿ ಮತ್ತು ಅಕ್ರಿಲಿಕ್ ಬೆರೆತದ್ದು ನಡೆಯುತ್ತದೆ.

ಇನ್ನು ಹಿಮ್ಮಡಿ. ಜಾಹೀರಾತಿನಲ್ಲಿ ಇದರ ಸುದ್ದಿಯೇ ಇರುವುದಿಲ್ಲ. ಅರ್ಧ ಸೂಜಿಗಳನ್ನು ಸುಮ್ಮನೆ ಕೂರಿಸಿ ಉಳಿದರ್ಧದಲ್ಲಿ ಹಿಂದೆ ಮುಂದೆ ನೇಯ್ದಾಗ ಹಿಮ್ಮಡಿಯ ಬಟ್ಟಲು ಮೂಡುತ್ತದೆ. ಈ ಮೆಷಿನ್‌ಗಳಲ್ಲಿ ಸೂಜಿಯನ್ನು ಹಾಗೆ ಸುಮ್ಮನೆ ಕೂರಿಸುವ ಏರ್ಪಾಡೇ ಇಲ್ಲ. ಆದ್ದರಿಂದ ನೇರ ಕೊಳವೆ ಮುಗಿಸಿ, ಬೆರಳ ತುದಿಯಿಂದ ಪಾದದ ಉದ್ದಕ್ಕಿಂತ 5 ಸೆಂ.ಮೀ. ಕಡಿಮೆ ಅಳೆದು, ಅಂಗಾಲಿನ ಕಡೆಯ ಒಂದು ಸಾಲಿನ ನಟ್ಟನಡುವೆ ಒಂದೇ ಒಂದು ಎಳೆ ಕತ್ತರಿಸಿ. ಎರಡೂ ಪಕ್ಕಕ್ಕೆ ಬಿಚ್ಚುತ್ತ ಹೋಗಿ 11 ಕುಣಿಕೆಯಗಲ ಬಾಯಿ ತೆರೆಯಿರಿ. ಕೆಳಗಿನವನ್ನೂ ಮೇಲಿನವನ್ನೂ ಎರಡೂ ತುದಿ ಚೂಪಾದ ಕೈಹೆಣಿಗೆಯ ಕಡ್ಡಿಗಳಿಗೆ ಏರಿಸಿ, ಒಂದು ಸುತ್ತು ಬಿಟ್ಟು ಒಂದು ಸುತ್ತಿನಲ್ಲಿ ಎರಡೂ ಪಕ್ಕ ಎರಡೆರಡು ಕುಣಿಕೆ ಕಡಿಮೆ ಮಾಡಿ. ಸುಮಾರು ಹತ್ತು ಉಳಿದಾಗ ಸೇರಿಸಿ ಹೊಲಿಯಿರಿ. ಮೂಲೆಗಳಲ್ಲಿ ತೂತು ಬಿದ್ದೇ ಬೀಳುತ್ತದೆ. ಅಲ್ಲಿ ಒಂದೊಂದು ಕುಣಿಕೆ ಹೆಚ್ಚಾಗಿ ಎತ್ತಿಕೊಂಡರೆ ಮುಚ್ಚಿಹೋಗುತ್ತದೆ. ಕೈಹೆಣಿಗೆ ಬಾರದವರಿಗೆ ಈ ಮೆಷಿನ್ ಅರ್ಧ ಕಾಲುಚೀಲವನ್ನಷ್ಟೇ ಕೊಡುತ್ತದೆ.

ಬಾಯಿಯ ಅಂಚು ಸುರುಳಿ ಸುತ್ತಿಕೊಳ್ಳುವುದು ಇನ್ನೊಂದು ಕಿರಿಕಿರಿ, ಏಕೆಂದರೆ ಇದಕ್ಕೆ ಉಲ್ಟಾ ಕುಣಿಕೆ ಗೊತ್ತಿಲ್ಲ. ಹನ್ನೆರಡು ಸುತ್ತಾದ ಮೇಲೆ ಅಸಲಿ ನೂಲಿನ ಮೊದಲ ಸಾಲಿನ ಕುಣಿಕೆಗಳನ್ನು ಮೇಲೆತ್ತಿ ಮತ್ತೆ ಸೂಜಿಗಳಿಗೆ ಹಾಕಿದರೆ ಇಮ್ಮಡಿ ಪಟ್ಟಿಯಾಗುತ್ತದೆ, ಒಳಗೆ ಎಲಾಸ್ಟಿಕ್ ತೂರಿಸಬಹುದು.

ಮೆಷಿನ್‌ನಲ್ಲೇ ಹಿಮ್ಮಡಿ ಆಗಬೇಕೆನ್ನುವವರಿಗೆ ಸಿಲ್ವರ್ ರೀಡ್ ಎಲ್‌ಕೆ 150 ಸರಿ. ಉದ್ದನೆಯ ಹಾಸು, 150 ಸೂಜಿ, 6.5 ಮಿ.ಮೀ. ಅಂತರ, ನಾಲಗೆಯಿರುವ ಲೋಹದ ಸೂಜಿ. ತೆಳು ನೂಲಿನಲ್ಲಿ 10 ಸೆಂ.ಮೀ.ಗೆ 22 ಕುಣಿಕೆ ಬಂದರೆ 22 ಸೆಂ.ಮೀ. ಪಾದದ 20 ಸೆಂ.ಮೀ. ಕಾಲುಚೀಲಕ್ಕೆ 44 ಸೂಜಿ ಸಾಕು. ಅದರಲ್ಲಿ 22 ಹಿಮ್ಮಡಿಗೆ: ಪ್ರತಿ ಸಾಲಿಗೂ ಒಂದೊಂದನ್ನು ಡಿ ಸ್ಥಾನಕ್ಕೆ, ಅಂದರೆ ಸೂಜಿ ನೇಯದೆ ಸುಮ್ಮನೆ ಕೂರುವ ಜಾಗಕ್ಕೆ, ಎಳೆದು, ಅದರಡಿ ನೂಲು ಸುತ್ತಿ, 8 ಉಳಿಯುವವರೆಗೆ ಹೋಗಿ, ಮತ್ತೆ ಒಂದೊಂದಾಗಿ ಒಳಕ್ಕೆ ತರಬೇಕು. ಪಕ್ಕದಲ್ಲಿ ಒಂದು ಹೊಲಿಗೆ ಉಳಿಯುತ್ತದೆ. ಬೆಲೆ ಗುಂಡು ಮೆಷಿನ್‌ನ ಹಲವು ಪಟ್ಟು, ಆದರೆ ಶಾಲು, ಸ್ವೆಟರ್ ಎಲ್ಲವೂ ಇದರಲ್ಲೇ ಆಗುತ್ತದೆ.

60, 72 ಸೂಜಿಯ ಲೋಹದ ಅಸಲಿ ಕಾಲುಚೀಲ ಮೆಷಿನ್ ಹೊರದೇಶದಿಂದ ಬರಬೇಕು. ಸಾಗಣೆ, ಸುಂಕ ಸೇರಿ ಲಕ್ಷ ದಾಟುತ್ತದೆ. ಸಾಲದ್ದಕ್ಕೆ ಇಲ್ಲಿನ ಮಳೆಗಾಲದ ಉಪ್ಪುಗಾಳಿಗೆ ಸೂಜಿಯ ನಾಲಗೆ ತುಕ್ಕು ಹಿಡಿಯದಂತೆ ಹೊಲಿಗೆ ಮೆಷಿನ್ ಎಣ್ಣೆ ಒರೆಸುತ್ತಲೇ ಇರಬೇಕು.

ಮೆಷಿನ್ ಕೊಳ್ಳಿ, ನೀವು ನೇಯ್ದ ಕಾಲುಚೀಲವನ್ನೆಲ್ಲ ನಾವೇ ಕೊಳ್ಳುತ್ತೇವೆ ಎನ್ನುವವರೂ ಇದ್ದಾರೆ. ಅಮೆರಿಕದ ಆಟೋ ನಿಟರ್ ಕಂಪನಿ ನೂರು ವರ್ಷದ ಹಿಂದೆಯೇ ಇದೇ ಮಾತು ಹೇಳಿ ಮೆಷಿನ್ ಮಾರಿತ್ತು. ಲೋಕಲ್ ಟ್ರೇನಿನಲ್ಲಿ ಕೂಗಿ ಮಾರುವ ಕಾಲುಚೀಲದ ಬೆಲೆ ಒಮ್ಮೆ ಕೇಳಿ, ಆಮೇಲೆ ನಿಮ್ಮ ಒಂದು ಜೊತೆಗೆ ಹಿಡಿದ ನೂಲಿನ ದುಡ್ಡನ್ನಷ್ಟೇ ಲೆಕ್ಕ ಹಾಕಿ. ಕೂಲಿ ಸೇರಿಸುವ ಅಗತ್ಯವೇ ಬೀಳುವುದಿಲ್ಲ.