0901ರ ಸೊನ್ನೆ ಎಲ್ಲಿ ಉಳಿಯುತ್ತದೆ? ಎಕ್ಸೆಲ್, ಗೂಗಲ್ ಶೀಟ್ಸ್, ಕ್ಯಾಲ್ಕ್

ವಿರಾಜಪೇಟೆಯಲ್ಲಿ ನನ್ನ ಅಕ್ಕ ನಡೆಸುವ ಅಂಗಡಿಗೆ ಆನ್‌ಲೈನ್ ಮಳಿಗೆಯೂ ಇದೆ. ಕಾಫಿಪುಡಿ, ಕಾಳುಮೆಣಸು, ಏಲಕ್ಕಿ, ಜೇನು, ಕಾಚಂಪುಳಿ ಅಲ್ಲಿ ಸಿಗುತ್ತವೆ. ಪ್ರತಿ ಸರಕಿನ ಹೆಸರು, ಬೆಲೆ, ಎಚ್‌ಎಸ್‌ಎನ್ ಸಂಖ್ಯೆಯ (ಜಿಎಸ್‌ಟಿಗಾಗಿ ಸರಕಿನ ಬಗೆಯನ್ನು ಗುರುತಿಸುವ ಸಂಖ್ಯೆ) ಪಟ್ಟಿ ಬೇಕೆಂದು ಆಡಿಟರ್ ಕೇಳಿದಾಗ ಆ ಕೆಲಸ ನನ್ನ ಪಾಲಿಗೆ ಬಂತು.

ಮಳಿಗೆಯಿಂದ ಪಟ್ಟಿ ಹೊರತೆಗೆಯುವುದು ಸುಲಭ. ನಮ್ಮ ಮಳಿಗೆಯನ್ನು ನಡೆಸುವ ತಂತ್ರಾಂಶ ವೂಕಾಮರ್ಸ್‌ನ ಉತ್ಪನ್ನಗಳ ಪುಟದಲ್ಲೇ ಎಕ್ಸ್‌ಪೋರ್ಟ್ ಗುಂಡಿ ಇದೆ. ಒತ್ತಿದರೆ ಸಿಎಸ್‌ವಿ ಕಡತ, ಅಂದರೆ ಕಾಲಂಗಳನ್ನು ಅಲ್ಪವಿರಾಮದಿಂದ ಬೇರ್ಪಡಿಸಿದ ಸರಳ ಪಠ್ಯದ ಪಟ್ಟಿ, ಇಳಿಯುತ್ತದೆ. ನಾವು ಎಚ್‌ಎಸ್‌ಎನ್ ಸಂಖ್ಯೆಯನ್ನು ಹೆಚ್ಚುವರಿ ಮಾಹಿತಿಯಾಗಿ ಸೇರಿಸಿದ್ದೆವು. ಹಾಗಾಗಿ ಕಸ್ಟಮ್ ಮೆಟಾ ಚೌಕಕ್ಕೆ ಟಿಕ್ ಹಾಕಬೇಕಾಯಿತು. ಕಷ್ಟ ಇರುವುದು ಆ ಕಡತವನ್ನು ಎಲ್ಲಿ ತೆರೆಯುತ್ತೇವೆ ಎಂಬುದರಲ್ಲಿ.

ನಮ್ಮ ಸರಕುಗಳನ್ನೇ ನೋಡಿ: ಕಾಫಿ 0901, ಮೆಣಸು 0904, ಏಲಕ್ಕಿ 0908, ಜೇನು 0409. ಕೊಡಗಿನ ಅಂಗಡಿಯ ಮುಖ್ಯ ಸರಕುಗಳೆಲ್ಲ ಸೊನ್ನೆಯಿಂದಲೇ ಆರಂಭ! ಕಡತದ ಮೇಲೆ ಎರಡು ಬಾರಿ ಒತ್ತಿ ಎಕ್ಸೆಲ್‌ನಲ್ಲಿ ತೆರೆದೆ. 0901 ಇದ್ದಲ್ಲಿ 901 ನಿಂತಿತ್ತು. ಅದಕ್ಕಿಂತ ಹೆಚ್ಚು ಗಾಬರಿಯಾದದ್ದು ಚಿಕೋರಿ ಬೆರೆತ ಪುಡಿಯ ಸಾಲು ಕಂಡಾಗ. ಕಾಫಿ–ಚಿಕೋರಿ ಪ್ರಮಾಣ 80:20 ಎಂಬುದು 80:20:00 ಆಗಿತ್ತು, ಅಂದರೆ ಎಂಬತ್ತು ಗಂಟೆ ಇಪ್ಪತ್ತು ನಿಮಿಷ. ಇದು ಎಕ್ಸೆಲ್‌ನ ದೋಷವಲ್ಲ. ಸಂಖ್ಯೆಯಂತೆ ಕಂಡದ್ದನ್ನು ಸಂಖ್ಯೆಯಾಗಿ, ಸಮಯದಂತೆ ಕಂಡದ್ದನ್ನು ಸಮಯವಾಗಿ ಓದುವುದು ಅದರ ರೂಢಿ. ಡೇಟಾ ಮೆನುವಿನಿಂದ ಕಡತವನ್ನು ಒಳತಂದು, ದತ್ತಾಂಶದ ಬಗೆಯನ್ನು ಗುರುತಿಸಬೇಡ ಎಂದು ಹೇಳಿದರೆ ಎಲ್ಲವೂ ಇದ್ದಂತೆಯೇ ಬರುತ್ತದೆ. ಉಳಿಸುವಾಗಲೂ ಎಚ್ಚರ ಬೇಕು. ನಾನು ಸಾಮಾನ್ಯ ಸಿಎಸ್‌ವಿ ಎಂದು ಉಳಿಸಿದ್ದರಿಂದ ಕನ್ನಡದ ಹೆಸರುಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾದವು. ಕನ್ನಡದಂಥ ಲಿಪಿಗಳನ್ನೂ ಉಳಿಸುವ ಸಿಎಸ್‌ವಿ ಯುಟಿಎಫ್-8 ಎಂಬ ಬೇರೆ ಆಯ್ಕೆಯೇ ಇದೆ, ಅದನ್ನೇ ಆರಿಸಬೇಕು.

ಗೂಗಲ್ ಶೀಟ್ಸ್‌ನಲ್ಲಿ ಕನ್ನಡಕ್ಕೆ ಯಾವ ತೊಂದರೆಯೂ ಆಗಲಿಲ್ಲ. ಇಂಪೋರ್ಟ್ ಮಾಡುವಾಗ ಅಕ್ಷರಗಳನ್ನು ಸಂಖ್ಯೆ, ದಿನಾಂಕಗಳಾಗಿ ಬದಲಿಸುವ ಚೌಕದ ಟಿಕ್ ತೆಗೆದರೆ ಸೊನ್ನೆಯೂ ಉಳಿಯುತ್ತದೆ. ಆಡಿಟರ್‌ಗೆ ಕೊಂಡಿ ಕಳಿಸಿದರೆ ಸಾಕು, ಅವರು ಅಲ್ಲೇ ಗುರುತು ಹಾಕುತ್ತಾರೆ. ಈ ಅನುಕೂಲ ಉಳಿದೆರಡರಲ್ಲಿ ನನಗೆ ಇಷ್ಟು ಸಲೀಸಾಗಿ ಸಿಗಲಿಲ್ಲ. ಆದರೆ ಜುಲೈ ಮಳೆಯಲ್ಲಿ ಮರ ಬಿದ್ದು ಕರೆಂಟ್ ಹೋದರೆ ನಮ್ಮಲ್ಲಿ ಇಂಟರ್‌ನೆಟ್ ಕೂಡ ಹೋಗುತ್ತದೆ. ಅಂಥ ದಿನ ಲ್ಯಾಪ್‌ಟಾಪ್‌ನ ಬ್ಯಾಟರಿ ಇದ್ದೂ ಕೆಲಸ ನಿಂತಿತ್ತು.

ಆದ್ದರಿಂದ ನನ್ನ ಆಯ್ಕೆ ಲಿಬ್ರೆಆಫೀಸ್ ಕ್ಯಾಲ್ಕ್. ಹಣ ಕೊಡಬೇಕಿಲ್ಲ, ಇಂಟರ್‌ನೆಟ್ ಬೇಕಿಲ್ಲ. ನನಗೆ ಮೆಚ್ಚುಗೆಯಾದದ್ದು ಮಾತ್ರ ಬೇರೆ: ಸಿಎಸ್‌ವಿ ತೆರೆಯುವ ಮೊದಲೇ ಅದು ನಿಂತು ಕೇಳುತ್ತದೆ. ಅಕ್ಷರ ಸಂಕೇತ ಯಾವುದು, ಕಾಲಂಗಳನ್ನು ಬೇರ್ಪಡಿಸುವುದು ಯಾವ ಚಿಹ್ನೆ, ಯಾವ ಕಾಲಂ ಪಠ್ಯ? ಯುಟಿಎಫ್-8 ಆರಿಸಿ, ಎಚ್‌ಎಸ್‌ಎನ್ ಮತ್ತು ಪ್ರಮಾಣದ ಕಾಲಂಗಳನ್ನು ಪಠ್ಯವೆಂದು ಗುರುತಿಸಿ ಬೆಲೆಯನ್ನು ಹಾಗೆಯೇ ಬಿಟ್ಟೆ. ಎಲ್ಲವೂ ಸರಿಯಾಗಿ ಬಂತು. ಮೊದಲ ಸಲ ಈ ಪೆಟ್ಟಿಗೆ ಕಂಡು ಅಕ್ಕ ಹಿಂಜರಿದಳು. ಈಗ ತಾನೇ ತುಂಬುತ್ತಾಳೆ.

ತಿದ್ದಿದ ಬೆಲೆಗಳನ್ನು ಮಳಿಗೆಗೆ ಮರಳಿ ಏರಿಸುವಾಗ, ಈಗಾಗಲೇ ಇರುವ ಉತ್ಪನ್ನಗಳನ್ನು ನವೀಕರಿಸು ಎಂಬ ಚೌಕಕ್ಕೆ ಟಿಕ್ ಹಾಕಲೇಬೇಕು. ಇಲ್ಲದಿದ್ದರೆ ವೂಕಾಮರ್ಸ್ ಹಳೆಯ ಸರಕುಗಳ ಸಾಲುಗಳನ್ನು ಬಿಟ್ಟುಬಿಡುತ್ತದೆ. ನಾವು ಮೊದಲು ಎರಡೇ ಸಾಲು ಏರಿಸುತ್ತೇವೆ, ಒಂದು ಕಾಫಿಪುಡಿ, ಒಂದು ಏಲಕ್ಕಿ. ಮಳಿಗೆಯ ಪುಟದಲ್ಲಿ 80:20 ಹಾಗೆಯೇ ಕಂಡ ಮೇಲೆ ಉಳಿದವು.